ತೋಟದ ಸೆನ್ಸರ್‌ಗೆ ಆರ್ಮ್ ಒಳ್ಳೆಯದೋ, ರಿಸ್ಕ್-ವಿ ಒಳ್ಳೆಯದೋ?

ಸೋಮವಾರಪೇಟೆ ಕಡೆ ಕಾಫಿ ತೋಟಕ್ಕೆ ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ಮಾಡ್ತಿದ್ದೀರಿ. ಅದರ ಚಿಪ್ಪಿಗೆ ಆರ್ಮ್ ಕಾರ್ಟೆಕ್ಸ್-ಎಂ ತಗೊಳ್ಳೋದೋ, ರಿಸ್ಕ್-ವಿ ತಗೊಳ್ಳೋದೋ (ಎರಡೂ ಪ್ರೊಸೆಸರ್ ಬಗೆಗಳು), ಹಳೇ 40 ನ್ಯಾನೋಮೀಟರ್ ಚಿಪ್ ಆದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನ್ಯಾನೋಮೀಟರ್ ಅಂದ್ರೆ ಇಲ್ಲಿ ಚಿಪ್ ಮಾಡುವ ತಂತ್ರದ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ತಂತ್ರ ಹಳೇದು.

ಮೊದಲು ನೋಡಬೇಕಾದ್ದು ನಿದ್ದೆಯ ಕರೆಂಟು, ಅಂದ್ರೆ ಚಿಪ್ ಕೆಲಸವಿಲ್ಲದೆ ಮಲಗಿದಾಗಲೂ ಬೋರ್ಡ್ ಎಳೆಯುವ ಕರೆಂಟು. ಮಡಿಕೇರಿ ಹತ್ತಿರ ನಮ್ಮ ರೊಬಸ್ಟಾ ಗಿಡದ ಬುಡದಲ್ಲಿಟ್ಟ ಮೊದಲ ಪೆಟ್ಟಿಗೆ ಒಂದೂವರೆ ತಿಂಗಳೂ ಬಾಳಲಿಲ್ಲ. ಚಿಪ್ ಸರಿಯಾಗೇ ಮಲಗಿತ್ತು. ಆದರೆ ಬೋರ್ಡಿನ ಪುಟ್ಟ ಕೆಂಪು ಎಲ್‌ಇಡಿ ಹಗಲೂ ರಾತ್ರಿ 2 ಮಿಲಿಆಂಪಿಯರ್ ಕುಡಿಯುತ್ತಿತ್ತು. 2000 ಎಂಎಎಚ್ ಬ್ಯಾಟರಿಗೆ ಅದು 1000 ಗಂಟೆ, ಅಂದ್ರೆ 41 ದಿನ ಅಷ್ಟೇ. ಅದೂ ಜಡಿಮಳೆಯಲ್ಲಿ ಸತ್ತರೆ ಜಿಗಣೆ ಕಚ್ಚಿಸಿಕೊಂಡು ಬ್ಯಾಟರಿ ಬದಲಿಸಬೇಕು. ಆ ಎಲ್‌ಇಡಿಯನ್ನು ಸಾಲ್ಡರಿಂಗ್ ಐರನ್‌ನಿಂದ ಕಿತ್ತುಬಿಡಿ.

ರಿಸ್ಕ್-ವಿ 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾಯಿತು. ಅದರ ಸೂಚನಾ ಸೆಟ್ಟಿಗೆ (ಪ್ರೊಸೆಸರಿಗೆ ಅರ್ಥವಾಗುವ ಆಜ್ಞೆಗಳ ಪಟ್ಟಿಗೆ) ಲೈಸೆನ್ಸ್ ಹಣ ಇಲ್ಲ. ಆ ಲಾಭ ಚಿಪ್ ವಿನ್ಯಾಸ ಮಾಡುವವರಿಗೆ. ಹತ್ತು ಪೆಟ್ಟಿಗೆ ಮಾಡುವ ನಮಗೆ ಬೆಲೆಯಲ್ಲಿ ಸ್ವಲ್ಪ ಸಿಗಬಹುದು, ಅಷ್ಟೇ. ನೀವು ಸಿ ಭಾಷೆಯಲ್ಲೇ ಬರೆಯುತ್ತೀರಿ ಅಲ್ವಾ? ಕೋರ್, ಅಂದ್ರೆ ಚಿಪ್ಪಿನೊಳಗಿನ ಪ್ರೊಸೆಸರ್, ಬದಲಾದರೆ ಕಂಪೈಲರ್ (ಸಿ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ನೋಡಿಕೊಳ್ಳುತ್ತದೆ. ಕೈ ಹಿಡಿಯೋದು ಡ್ರೈವರ್ (ಸೆನ್ಸರ್ ಓಡಿಸುವ ಸಿದ್ಧ ಕೋಡ್), ಡಿಬಗ್ಗರ್ (ಕೋಡಿನ ತಪ್ಪು ಹುಡುಕುವ ಸಾಧನ), ಉದಾಹರಣೆಗಳು. ಅದರಲ್ಲಿ ಆರ್ಮ್ ಇನ್ನೂ ಮುಂದೆ. ಎರಡನ್ನೂ ನೋಡುವ ಆಸೆ ಇದ್ದರೆ ರಾಸ್ಪ್‌ಬೆರಿ ಪೈನವರ 2024ರ ಆರ್‌ಪಿ2350 ಚಿಪ್ ತಗೊಳ್ಳಿ, ಒಂದೇ ಚಿಪ್ಪಿನಲ್ಲಿ ಎರಡೂ ಬಗೆಯ ಕೋರ್ ಇವೆ.

40 ನ್ಯಾನೋಮೀಟರ್ ಅಂತ ಸುಮ್ನೆ ಹಿಂಜರಿಯಬೇಡಿ. ಚಿಪ್ಪಿನೊಳಗೆ ಪ್ರೋಗ್ರಾಂ ಇಟ್ಟುಕೊಳ್ಳುವ ಫ್ಲ್ಯಾಶ್ ಮೆಮೊರಿಯನ್ನು 28 ನ್ಯಾನೋಮೀಟರಿಗಿಂತ ಕೆಳಗೆ ಇಳಿಸೋದು ಕಷ್ಟ, ಜೊತೆಗೆ ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಸೋರುವ ಕರೆಂಟು ಜಾಸ್ತಿ. ಐಐಟಿ ಮದ್ರಾಸಿನ ಶಕ್ತಿ ರಿಸ್ಕ್-ವಿ ಚಿಪ್ಪನ್ನು ಚಂಡೀಗಢದ ಪಕ್ಕದ ಮೊಹಾಲಿಯ ಸರ್ಕಾರಿ ಫ್ಯಾಬ್‌ನಲ್ಲಿ (ಚಿಪ್ ಕಾರ್ಖಾನೆಯಲ್ಲಿ) 180 ನ್ಯಾನೋಮೀಟರ್‌ನಲ್ಲೇ ಮಾಡಿದ್ದರು.

ಬೋರ್ಡ್ ಯಾವುದು ಅಂತ ಹೇಳಿ, ಮಲಗಿದಾಗ ಎಷ್ಟು ಕರೆಂಟು ಎಳೆಯುತ್ತದೆ ಅಂತ ಮೀಟರ್ ಹಿಡಿದು ಅಳೆದು ಹಾಕಿ. ಜೂನ್ ಮಳೆ ಹಿಡಿಯುವ ಮೊದಲು ಸರಿ ಮಾಡೋಣ.