ಹೋಗುವಾಗ ಎರಡೂಕಾಲು ಗಂಟೆ, ಬರುವಾಗ ಐದು ಗಂಟೆ!

ಪ್ರಶ್ನೆ: ದುಬೈಯಲ್ಲಿರುವ ತಮ್ಮನ ಮನೆಗೆ ಅಮ್ಮ ಜನವರಿಯಲ್ಲಿ ಒಬ್ಬರೇ ಹೊರಟಿದ್ದಾರೆ. ಮಂಗಳೂರಿನಿಂದ ಬೆಳಿಗ್ಗೆ 8.30ಕ್ಕೆ ಹೊರಟರೆ 10.45ಕ್ಕೆ ದುಬೈ ಎಂದು ಟಿಕೆಟ್‌ನಲ್ಲಿದೆ. ವಾಪಸ್ ಬರುವಾಗ ಅಲ್ಲಿಂದ 11.45ಕ್ಕೆ ಹೊರಟು ಸಂಜೆ 4.45ಕ್ಕೆ ಮಂಗಳೂರು. ದೂರ ಒಂದೇ ಅಲ್ಲವೇ, ಸಮಯ ಯಾಕೆ ಬೇರೆ? ಅಮ್ಮ ಇನ್ಸುಲಿನ್ ತೆಗೆದುಕೊಳ್ಳುವವರು. ಅವರ ಊಟದ ಹೊತ್ತಿನ ಲೆಕ್ಕವೇ ಸಿಗುತ್ತಿಲ್ಲ.
– ಓದುಗರು, ಪುತ್ತೂರು

ಉತ್ತರ: ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿನ 10.45 ಎಂದರೆ ನಮಗೆ 12.15. ಹಾಗಾಗಿ ಹೋಗುವ ಪ್ರಯಾಣ 3 ಗಂಟೆ 45 ನಿಮಿಷ. ಬರುವಾಗ ಐದರಲ್ಲಿ ಒಂದೂವರೆ ಕಳೆಯಿರಿ, ಮೂರೂವರೆ ಗಂಟೆ.

ಉಳಿದ ಕಾಲು ಗಂಟೆ ಗಾಳಿಯದು. ಚಳಿಗಾಲದಲ್ಲಿ ಕೊಲ್ಲಿಯಿಂದ ಉತ್ತರ ಭಾರತದವರೆಗೆ, ಸುಮಾರು 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಎಂಬ ಬಲು ವೇಗದ ಗಾಳಿ ಬೀಸುತ್ತದೆ. ದುಬೈ ಹತ್ತಿರವಾದಂತೆ ಅದರ ಪ್ರಭಾವ ಹೆಚ್ಚು. ಹೋಗುವ ವಿಮಾನಕ್ಕೆ ಅದು ಎದುರುಗಾಳಿ, ಬರುವುದಕ್ಕೆ ಹಿಂದಿನಿಂದ ಒತ್ತಾಸೆ. ಮಳೆಗಾಲದಲ್ಲಿ ಈ ಗಾಳಿ ಹಿಮಾಲಯದ ಆಚೆಗೆ ಸರಿಯುತ್ತದೆ, ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಬೀಸುವ ಬೇರೊಂದು ಜೆಟ್ ಬರುತ್ತದೆ. ಆಗ ಈ ಲೆಕ್ಕ ಹೀಗೇ ಇರುವುದಿಲ್ಲ.

ನೇರ ದೂರ ಸುಮಾರು 2,460 ಕಿ.ಮೀ. ಗಂಟೆಗೆ 830 ಕಿ.ಮೀ. ವೇಗದಲ್ಲಿ ಹಾರುವ ವಿಮಾನಕ್ಕೆ ಮೂರು ಗಂಟೆ ಸಾಕಲ್ಲ ಎನ್ನಬಹುದು. ಆದರೆ ಟಿಕೆಟ್‌ನ ಸಮಯ ಹಾರಾಟದ್ದಷ್ಟೇ ಅಲ್ಲ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ಟವರ್‌ನಲ್ಲಿ ಕೆಲಸ ಮಾಡುವಾಗ ನಾನು ದಿನವೂ ನೋಡುತ್ತಿದ್ದೆ: ನೆಲದ ಸಿಬ್ಬಂದಿ ಚಕ್ರ ಉರುಳದಂತೆ ಇಟ್ಟ ಅಡ್ಡೆ (ಚೋಕ್) ಎಳೆದು, ಹೆಬ್ಬೆರಳು ಎತ್ತಿ ತೋರಿಸಿ, ವಿಮಾನ ಜಾಗ ಬಿಟ್ಟು ಅಲುಗಿದರೆ ಲೆಕ್ಕ ಶುರು. ದುಬೈಯಲ್ಲಿ ಇಳಿದು, ನಿಲ್ದಾಣದೊಳಗೆ ದೂರ ಸಾಗಿ, ನಿಂತು ಮತ್ತೆ ಚೋಕ್ ಇಟ್ಟಾಗ ಮುಗಿಯಿತು. ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆ. ದುಬೈಯಂಥ ಗಿಜಿಗುಡುವ ನಿಲ್ದಾಣದಲ್ಲಿ ಇಳಿಯಲು ಸರದಿಯೂ ಕಾಯಬೇಕು. 2006ರಲ್ಲಿ ಬಜ್ಪೆಯ 2,450 ಮೀಟರಿನ ಹೊಸ ರನ್‌ವೇ ತೆರೆದ ಮೇಲೆ ದುಬೈಗೆ ನೇರ ವಿಮಾನ ಶುರುವಾಯಿತು. ಅದಕ್ಕೂ ಮೊದಲು ಕರಾವಳಿಯವರು ಮುಂಬೈ ಸುತ್ತಿ ಹೋಗುತ್ತಿದ್ದದ್ದು ನೆನೆದರೆ ಇದು ಎಷ್ಟು ದೊಡ್ಡ ಅನುಕೂಲ!

ಇನ್ನು ಅಮ್ಮನ ಊಟ. ನನಗೆ ನಿಮ್ಮ ಪ್ರಶ್ನೆಯಲ್ಲಿ ಮುಖ್ಯ ಅನಿಸಿದ್ದು ಇದೇ. ವಿಮಾನ ನಿಂತಾಗ ಅವರ ಹೊಟ್ಟೆಗೆ 12.15. ಇಮಿಗ್ರೇಷನ್ ಸಾಲು, ಲಗೇಜ್ ಮುಗಿದು ನಿಮ್ಮ ತಮ್ಮ ಅವರ ಕಣ್ಣಿಗೆ ಬೀಳುವಷ್ಟರಲ್ಲಿ ಒಂದೂವರೆ ದಾಟೀತು. ಗೋಡೆಯ ಗಡಿಯಾರ ಮಾತ್ರ ಹನ್ನೆರಡು ತೋರಿಸುತ್ತಿರುತ್ತದೆ, 'ಊಟಕ್ಕೆ ಇನ್ನೂ ಹೊತ್ತಿದೆ' ಅಂದುಕೊಂಡು ಕೂತರೆ ಸಕ್ಕರೆ ಇಳಿದೀತು. ಆ ದಿನ ಅವರ ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ. ಇಳಿಯುವ ಮೊದಲೇ ಕಟ್ಟಿಕೊಂಡ ಚಪಾತಿ ತಿನ್ನಲಿ, ಕೈಗೆ ಸಿಗುವಂತೆ ಗ್ಲೂಕೋಸ್ ಇರಲಿ. ಡೋಸ್ ಬದಲಿಸಬೇಕೇ ಎಂದು ವೈದ್ಯರನ್ನೇ ಕೇಳಿ, ಅವರ ಚೀಟಿಯನ್ನೂ ಜೊತೆಗಿಡಿ. ಇನ್ಸುಲಿನ್ ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ, ಅಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ವೀಲ್‌ಚೇರ್ ಬೇಕೆಂದು ವಿಮಾನ ಸಂಸ್ಥೆಗೆ ಈಗಲೇ ತಿಳಿಸಿ. ನಡೆಯಬಲ್ಲವರಾದರೂ ಸರಿ, ಅಷ್ಟು ದೊಡ್ಡ ನಿಲ್ದಾಣದಲ್ಲಿ ಹೊರಬಾಗಿಲವರೆಗೆ ಜೊತೆಗೊಬ್ಬರು ಇರುತ್ತಾರೆ.