ಮೊದಲು ಯಾವ ರೆಕಾರ್ಡ್ ಕೊಳ್ಳಲಿ?

ಪ್ರಶ್ನೆ: ಹೊಸದಾಗಿ ರೆಕಾರ್ಡ್ ಪ್ಲೇಯರ್ ತಂದಿದ್ದೇನೆ. ಇಷ್ಟು ದಿನ ಫೋನಿನಲ್ಲಿ ಬಿಡಿ ಹಾಡುಗಳನ್ನು ಕೇಳಿ ಅಭ್ಯಾಸ. ಸೋಲ್, ಜಾಝ್, ರಾಕ್, ಹಿಪ್ ಹಾಪ್, ಈ ನಾಲ್ಕರಲ್ಲೂ ಒಂದೊಂದು ಆಲ್ಬಮ್ ಹೇಳಿ. ರೆಕಾರ್ಡಿನಲ್ಲಿ ಕೇಳಿದರೇ ಚೆಂದ ಅನ್ನುವಂಥದ್ದು ಬೇಕು.

ಉತ್ತರ: ಹಾಗಾದರೆ ಹಾಡು ನೋಡಿ ಆರಿಸಬೇಡಿ, ಸೈಡ್ ನೋಡಿ ಆರಿಸಿ. ಎಲ್‌ಪಿಯ, ಅಂದರೆ ದೊಡ್ಡ ರೆಕಾರ್ಡಿನ, ಒಂದು ಸೈಡಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಸಂಗೀತ ಹಿಡಿಸುತ್ತದೆ. ಆಮೇಲೆ ಎದ್ದು ಹೋಗಿ ತಿರುಗಿಸಿ ಹಾಕಲೇಬೇಕು. ಆ ಕಾಲದಲ್ಲಿ ಆಲ್ಬಮ್ ಮಾಡಿದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಡುಗಳನ್ನು ಜೋಡಿಸುತ್ತಿದ್ದರು.

ಸೋಲ್‌ಗೆ ನನ್ನ ಆಯ್ಕೆ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’, 1971. ಮೊದಲ ಸೈಡಿನಲ್ಲಿ ಆರು ಹಾಡುಗಳಿವೆ. ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ ಎಲ್ಲಿ ಅಂತ ಹುಡುಕಬೇಕು, ಹಾಗೆ ಬೆಸೆದುಕೊಂಡಿವೆ. ಶುರುವಾಗುವುದೇ ನಾಲ್ಕಾರು ಜನ ಮಾತಾಡುತ್ತಾ ಬರುವ ಸದ್ದಿನಿಂದ. ಅದರ ಹಿಂದೆಯೇ ಸ್ಯಾಕ್ಸೊಫೋನ್. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಗೇ ಅವರ ತಮ್ಮ ಕಂಡದ್ದು, ಹೇಳಿದ್ದು ಈ ಹಾಡುಗಳ ಒಳಗಿದೆ. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಕೆಟ್ಟುಹೋಗುತ್ತಿರುವ ಗಾಳಿ, ನೀರು. ಆದರೆ ದನಿ ಮಾತ್ರ ಎಲ್ಲೂ ಏರುವುದಿಲ್ಲ. ಕೇಳುವಾಗ ಗೇ ಅವರ ದನಿಗಳನ್ನು ಗಮನಿಸಿ. ಹೌದು, ದನಿಗಳು. ಒಬ್ಬರೇ ಹಾಡಿದ ಎರಡು ಮೂರು ದನಿ ಒಂದರ ಮೇಲೊಂದು ಬರುತ್ತವೆ, ಒಂದಕ್ಕೊಂದು ಉತ್ತರ ಕೊಡುತ್ತವೆ. ಎರಡನೇ ಸಲ ಕೇಳುವಾಗ ಹಾಡನ್ನು ಬಿಟ್ಟು ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ಹಿಡಿದು ಹೋಗಿ. ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಿಗೆ ನುಡಿಸಿದ್ದ ಇವರ ತಂಡದ ಹೆಸರು ಅಲ್ಲಿಯವರೆಗೆ ಕವರ್ ಮೇಲೆ ಅಚ್ಚಾಗಿರಲಿಲ್ಲ. ಈ ಆಲ್ಬಮ್ಮಿನಲ್ಲಿ ಅಚ್ಚಾಯಿತು. ಆ ಹೆಸರುಗಳನ್ನು ಒಮ್ಮೆ ಓದಿ, ಅಷ್ಟಾದರೂ ನಾವು ಮಾಡಬೇಕು.

ಜಾಝ್‌ಗೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ಎಲ್ಲರೂ ಇದನ್ನೇ ಹೇಳುತ್ತಾರೆ ಅಲ್ವಾ ಅಂತ ಅನ್ನಿಸಬಹುದು. ಹೇಳುವುದಕ್ಕೆ ಕಾರಣ ಇದೆ. ಮೊದಲ ಹಾಡಿನಲ್ಲಿ ಪಾಲ್ ಚೇಂಬರ್ಸ್ ಅವರ ಬೇಸ್ ಒಂದು ಪ್ರಶ್ನೆ ಕೇಳುತ್ತದೆ, ಉಳಿದ ವಾದ್ಯಗಳು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತವೆ. ಜಾಝ್ ಗಂಧವೇ ಇಲ್ಲದವರಿಗೂ ಇದು ಮೊದಲ ಸಲಕ್ಕೇ ಅರ್ಥವಾಗುತ್ತದೆ. ಈ ರೆಕಾರ್ಡಿನಲ್ಲಿ ಒಂದು ವಿಶೇಷವಿದೆ. 1959ರ ಮಾರ್ಚ್ 2ರಂದು ಮೊದಲ ಸೈಡಿನ ಮೂರು ಹಾಡು ಮುದ್ರಿಸುವಾಗ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಸರಿಯಾದ ವೇಗದಲ್ಲಿ ಹಾಕಿದಾಗ ಆ ಹಾಡುಗಳು ಒಂದು ಚೂರು ಜೋರಾಗಿ ಓಡಿದವು, ಶ್ರುತಿಯೂ ಮೇಲೇರಿತು. 1992ರ ಮರುಬಿಡುಗಡೆಯಲ್ಲಿ ಇದನ್ನು ಸರಿಮಾಡಿದರು. ಸುಮ್ನೆ ಕೇಳುವವರಿಗೆ ಗೊತ್ತಾಗುವುದಿಲ್ಲ. ಜೊತೆಯಲ್ಲಿ ಕೊಳಲೋ ಕೀಬೋರ್ಡೋ ನುಡಿಸುವವರಾದರೆ ಸರಿಪಡಿಸಿದ ಪ್ರತಿಯನ್ನೇ ಕೊಳ್ಳಿ.

ರಾಕ್‌ಗೆ ಬೀಟಲ್ಸ್ ಅವರ ‘ಆಬಿ ರೋಡ್’, 1969. ಮೊದಲ ಸೈಡಿನ ಕೊನೆಯ ಹಾಡು ಏಳು ನಿಮಿಷ ದಾಟಿ ಭಾರವಾಗುತ್ತಾ ಹೋಗಿ, ಯಾರೋ ದಾರ ಕತ್ತರಿಸಿದ ಹಾಗೆ ತಟ್ಟನೆ ನಿಲ್ಲುತ್ತದೆ. ಅದು ನಿಮ್ಮ ಪ್ಲೇಯರ್ ತೊಂದರೆ ಅಲ್ಲ, ಟೇಪನ್ನು ಅಲ್ಲಿಗೇ ಕತ್ತರಿಸಿದ್ದಾರೆ. ಫೋನಿನಲ್ಲಾದರೆ ಅದರ ಬೆನ್ನಿಗೇ ‘ಹಿಯರ್ ಕಮ್ಸ್ ದ ಸನ್’ ಗಿಟಾರ್ ಬಂದುಬಿಡುತ್ತದೆ. ರೆಕಾರ್ಡಿನಲ್ಲಿ ನೀವು ಎದ್ದು ತಿರುಗಿಸಿ ಹಾಕುವವರೆಗೂ ಏನೂ ಇಲ್ಲ. ಆ ಬಿಡುವು ಇದ್ದರೇ ಎರಡನೇ ಸೈಡಿನ ಮೊದಲ ಸ್ವರಕ್ಕೆ ಬೆಲೆ. ಅಲ್ಲಿ ‘ದಿ ಎಂಡ್’ ಅನ್ನುವ ಹಾಡು ಮುಗಿದ ಮೇಲೂ ಮುಳ್ಳು ಎತ್ತಬೇಡಿ. ಸ್ವಲ್ಪ ಹೊತ್ತಿನ ಮೌನದ ನಂತರ ಅರ್ಧ ನಿಮಿಷವೂ ಇಲ್ಲದ ಇನ್ನೊಂದು ಹಾಡಿದೆ. ಮೊದಲ ಮುದ್ರಣಗಳ ಕವರ್ ಮೇಲೆ ಅದರ ಹೆಸರೇ ಇರಲಿಲ್ಲ.

ಹಿಪ್ ಹಾಪ್‌ಗೆ ನಾಸ್ ಅವರ ‘ಇಲ್‌ಮ್ಯಾಟಿಕ್’, 1994. ಸಿಡಿ ಕಾಲದ ರ‍್ಯಾಪ್ ಆಲ್ಬಮ್‌ಗಳು ಎಪ್ಪತ್ತು ನಿಮಿಷ ಮುಟ್ಟುವುದು ಮಾಮೂಲಿ, ಅವನ್ನು ಎರಡು ರೆಕಾರ್ಡಿಗೆ ಹಂಚಬೇಕಾಗುತ್ತದೆ. ಇದು ಸುಮಾರು ನಲವತ್ತು ನಿಮಿಷ, ಒಂದೇ ರೆಕಾರ್ಡ್ ಸಾಕು. ಸೈಡ್‌ಗಳಿಗೆ ಎ, ಬಿ ಅಂತಲ್ಲ, ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್‌ನಲ್ಲಿ ತಾವು ಬೆಳೆದ ಬೀದಿಗಳ ಲೆಕ್ಕದಲ್ಲಿ ಹೆಸರಿಟ್ಟಿದ್ದಾರೆ. ಭಾಷೆ ಒರಟು, ಬೈಗುಳ ಧಾರಾಳ. ಮೂರನೇ ಹಾಡಿನ ಕೊನೆಯಲ್ಲಿ ಕಾರ್ನೆಟ್ ಎಂಬ ತುತ್ತೂರಿಯ ಮೆಲುದನಿ ಬರುತ್ತದೆ. ಅದನ್ನು ನುಡಿಸಿದವರು ಜಾಝ್ ಕಲಾವಿದ ಓಲು ಡಾರಾ, ನಾಸ್ ಅವರ ಅಪ್ಪ. ಇಪ್ಪತ್ತರ ಹುಡುಗನ ಮೊದಲ ಆಲ್ಬಮ್ಮಿಗೆ ಅಪ್ಪ ಬಂದು ನುಡಿಸಿದ ಆ ಕೆಲವು ಸಾಲು ನನಗೆ ಇಡೀ ರೆಕಾರ್ಡಿನಲ್ಲೇ ಜಾಸ್ತಿ ಇಷ್ಟ.

ಪ್ರಶ್ನೆ: ನನಗೆ ಹಿಪ್ ಹಾಪ್ ಅಂದರೆ ಪ್ರಾಣ. ಜಾಝ್ ಮಾತ್ರ ತಲೆಗೆ ಹತ್ತುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಆಗಲೇ ಜಾಝ್ ಕೇಳುತ್ತಿದ್ದೀರಿ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ಹಿಪ್ ಹಾಪ್ ತಂಡದ ‘ದ ಲೋ ಎಂಡ್ ಥಿಯರಿ’ (1991) ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದರಲ್ಲಿ ‘ವರ್ಸಸ್ ಫ್ರಂ ದ ಆ್ಯಬ್‌ಸ್ಟ್ರ್ಯಾಕ್ಟ್’ ಹಾಡಿಗೆ ಬೇಸ್ ನುಡಿಸಿದವರು ರಾನ್ ಕಾರ್ಟರ್. ಅರವತ್ತರ ದಶಕದಲ್ಲಿ ಮೈಲ್ಸ್ ಡೇವಿಸ್ ತಂಡದಲ್ಲಿದ್ದವರು. ಅವರ ಹೆಸರು ಹಿಡಿದು ಹರ್ಬಿ ಹ್ಯಾನ್‌ಕಾಕ್ ಅವರ ‘ಮೇಡನ್ ವಾಯೇಜ್’ಗೆ (1965) ಹೋಗಿ, ಅಲ್ಲೂ ಬೇಸ್ ಅವರದ್ದೇ. ಪರಿಚಯದವರೊಬ್ಬರು ಒಳಗಿದ್ದರೆ ಹೊಸ ಮನೆಗೆ ಹೋಗಲು ಅಳುಕಾಗುವುದಿಲ್ಲ. ಆಮೇಲೆ ಪಿಯಾನೊ ವಾದಕ ಅಹಮದ್ ಜಮಾಲ್ ಅವರ ‘ದಿ ಅವೇಕನಿಂಗ್’ (1970). ಅದರ ‘ಐ ಲವ್ ಮ್ಯೂಸಿಕ್’ ಕೇಳುತ್ತಾ ಕೂತರೆ ಒಂದು ಕಡೆ ನೀವು ಎದ್ದು ಕೂರುತ್ತೀರಿ. ನಾಸ್ ಅವರ ‘ದ ವರ್ಲ್ಡ್ ಈಸ್ ಯುವರ್ಸ್’ಗೆ ಆ ಹಾಡಿನ ಸಂಗೀತ ಮಾಡಿದ ಪೀಟ್ ರಾಕ್ ತುಂಡು ತೆಗೆದುಕೊಂಡದ್ದು ಅಲ್ಲಿಂದಲೇ.

ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ಮೂರನೆಯದಾಗಿರಲಿ, ಮೊದಲೇ ಬೇಡ. ಅದನ್ನು ಹಾಕಿದ ದಿನ ಕವರ್ ಬಿಡಿಸಿ, ಒಳಗೆ ಅಚ್ಚಾದ ಪ್ರಾರ್ಥನೆಯನ್ನು ಎದುರಿಗಿಟ್ಟುಕೊಳ್ಳಿ. ಕೊನೆಯ ಭಾಗದಲ್ಲಿ ಅವರು ಆ ಸಾಲುಗಳನ್ನೇ ಪದ ಪದವಾಗಿ ಸ್ಯಾಕ್ಸೊಫೋನಿನಲ್ಲಿ ನುಡಿಸುತ್ತಾರೆ. ಕಣ್ಣಲ್ಲಿ ಓದುತ್ತಾ ಕೇಳಿದರೆ ಎಲ್ಲಿ ಉಸಿರು ತೆಗೆದುಕೊಂಡರು ಅನ್ನುವುದೂ ತಿಳಿಯುತ್ತದೆ.

ಪ್ರಶ್ನೆ: ಪ್ರತಿ ಸೈಡಿನಲ್ಲೂ ಕೊನೆಯ ಹಾಡು ಒಡಕಾಗಿ ಕೇಳಿಸುತ್ತದೆ. ರೆಕಾರ್ಡ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಬೇಕೆಂದಿಲ್ಲ. ರೆಕಾರ್ಡ್ ಒಂದು ಸುತ್ತು ಬರಲು 1.8 ಸೆಕೆಂಡ್ ಬೇಕು. ಹೊರ ಅಂಚಿನಲ್ಲಿ ಆ ಒಂದು ಸುತ್ತಿನಲ್ಲಿ ಮುಳ್ಳು ಓಡುವ ಗೆರೆ ಸುಮಾರು 90 ಸೆಂಟಿಮೀಟರ್ ಉದ್ದ. ಒಳಗೆ ಬಂದಂತೆ ಅದರ ಅರ್ಧಕ್ಕಿಂತಲೂ ಕಡಿಮೆ. ಅಷ್ಟೇ ಸಂಗೀತ, ಇಕ್ಕಟ್ಟಾದ ಜಾಗ. ‘ಸ’, ‘ಶ’ ಬರುವ ಕಡೆ ಮೊದಲು ಒಡೆಯುತ್ತದೆ. ಮುಳ್ಳಿನ ತುದಿಗೆ ಧೂಳು ಕಟ್ಟಿದೆಯೇ ನೋಡಿ, ಕಾರ್ಟ್ರಿಜ್ (ಮುಳ್ಳು ಹಿಡಿದಿರುವ ಪುಟ್ಟ ಭಾಗ) ಕೂರಿಸಿದ ಕೋನ ಸರಿ ಮಾಡಿಸಿ. ಮುಳ್ಳಿನ ಭಾರ ಕಾರ್ಟ್ರಿಜ್ ಕಂಪನಿ ಹೇಳಿದಷ್ಟೇ ಇರಲಿ, ಸಾಮಾನ್ಯವಾಗಿ ಎರಡು ಗ್ರಾಂ ಆಸುಪಾಸು. ರೆಕಾರ್ಡ್ ಸವೆಯುತ್ತದೆ ಅಂತ ಹೆದರಿ ಭಾರ ತೀರಾ ಇಳಿಸುವವರಿದ್ದಾರೆ. ಆಗ ಮುಳ್ಳು ಗೆರೆಯೊಳಗೆ ಗಟ್ಟಿಯಾಗಿ ಕೂರದೆ ಕುಣಿಯುತ್ತದೆ, ಸವೆತ ಇನ್ನೂ ಜಾಸ್ತಿ.

ಪ್ರಶ್ನೆ: 180 ಗ್ರಾಂ ರೆಕಾರ್ಡ್ ಅಂದರೆ ದನಿ ಚೆನ್ನಾಗಿರುತ್ತದೆಯೇ?

ಉತ್ತರ: ರೆಕಾರ್ಡ್ ದಪ್ಪ ಇರುತ್ತದೆ, ಅಷ್ಟೆ. ದನಿ ನಿಂತಿರುವುದು ಯಾವ ಟೇಪಿನಿಂದ ತೆಗೆದರು, ಗೆರೆ ಕೊರೆದವರು ಯಾರು ಅನ್ನುವುದರ ಮೇಲೆ. ಲೇಬಲ್ಲಿನ ಸುತ್ತ ಹಾಡು ಇಲ್ಲದ ನುಣುಪು ಜಾಗ ಇರುತ್ತದಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಸಣ್ಣದಾಗಿ ಅಂಕಿ, ಅಕ್ಷರ ಕೆತ್ತಿರುತ್ತಾರೆ. ಅರವತ್ತರ ದಶಕದ ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡುಗಳಲ್ಲಿ ಅಲ್ಲಿ ‘ವ್ಯಾನ್ ಗೆಲ್ಡರ್’ ಅಂತ ಕಂಡರೆ, ಸ್ಟುಡಿಯೋದಲ್ಲಿ ಸಂಗೀತ ಮುದ್ರಿಸಿದ ರೂಡಿ ವ್ಯಾನ್ ಗೆಲ್ಡರ್ ಅವರೇ ಗೆರೆಯನ್ನೂ ಕೊರೆದಿದ್ದಾರೆ ಎಂದರ್ಥ. ಅಂಥ ಪ್ರತಿ ಗೀರಿಲ್ಲದೆ ಸಿಕ್ಕರೆ ತೂಕ ಕೇಳದೆ ತೆಗೆದುಕೊಳ್ಳಿ.