ಸೀರೆಯ ಬೆನ್ನು ನೋಡಲು ಕಲಿಯಿರಿ

ಪ್ರಶ್ನೆ: ಮಗಳ ಮದುವೆಗೆ ಕೈಮಗ್ಗದ ಕಂಚಿ ರೇಷ್ಮೆ ಸೀರೆ ತಂದಿದ್ದೇವೆ. ಹಸಿರು ಒಡಲು, ಕುಂಕುಮ ಬಣ್ಣದ ಅಂಚು. ಮನೆಗೆ ಬಂದು ಒಳಬದಿ ನೋಡಿದರೆ ಒಡಲು–ಅಂಚು ಸೇರುವಲ್ಲಿ ಉದ್ದಕ್ಕೂ ಒರಟು ಗೆರೆ. ಅಂಚನ್ನು ಬೇರೆ ನೇಯ್ದು ಹೊಲಿದ ಹಾಗಿದೆ. ವಾಪಸು ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಮದುವೆ ತಿಂಗಳು ಬಂತೆಂದರೆ ಇದೇ ಪ್ರಶ್ನೆ ಬರುತ್ತದೆ. ಹೆಚ್ಚು ದುಡ್ಡು ಕೊಟ್ಟದ್ದೇ ಆ ಗೆರೆಗೆ. ಅದನ್ನು ದೋಷವೆಂದು ಹಿಂದಿರುಗಿಸಿ, ಒಳಗೂ ಹೊರಗೂ ನುಣುಪಾದ ಪವರ್‌ಲೂಮ್ ಸೀರೆ ತರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಂಚಿಯಲ್ಲಿ ಇದಕ್ಕೆ ಕೋರ್ವೈ ಎನ್ನುತ್ತಾರೆ, ನಮ್ಮ ಇಳಕಲ್ಲಿನಲ್ಲಿ ಕೊಂಡಿ. ಮಗ್ಗದಲ್ಲಿ ಅಡ್ಡ ಎಳೆ ಒಯ್ಯುವ ಮೂರು ಲಾಳಿ ಓಡುತ್ತವೆ: ಎಡ ಅಂಚಿಗೊಂದು, ಒಡಲಿಗೊಂದು, ಬಲ ಅಂಚಿಗೊಂದು. ಹಳೆಯ ಕ್ರಮದಲ್ಲಿ ನೇಕಾರನ ಪಕ್ಕ ಇನ್ನೊಬ್ಬರು ಕೂತು ಒಂದು ಅಂಚಿನ ಲಾಳಿ ಎಸೆಯುತ್ತಾರೆ. ಒಡಲಿನ ಹಸಿರು ಹೊಕ್ಕು (ಅಡ್ಡ ಎಳೆ) ಅಂಚಿನ ಗಡಿಯವರೆಗೆ ಬಂದು, ಕೆಂಪು ಹೊಕ್ಕಿಗೆ ಕೊಂಡಿ ಹಾಕಿ ಹಿಂದಿರುಗುತ್ತದೆ. ಕೆಂಪೂ ಹಾಗೆಯೇ. ಒಳಬದಿಯಲ್ಲಿ ಬೆರಳಿಗೆ ಸಿಗುವ ಒರಟು ಈ ಕೊಂಡಿಗಳ ಸಾಲು. ಒಂದೊಂದೂ ಗಸಗಸೆ ಕಾಳಿಗಿಂತ ಸಣ್ಣದು. ಕೈ ಸ್ವಲ್ಪ ಹೆಚ್ಚುಕಡಿಮೆಯಾದಲ್ಲಿ ಸಾಲು ತುಸು ಓರೆಯಾಗುತ್ತದೆ.

ಈಗ ಪರೀಕ್ಷೆ. ಇದನ್ನು ಅಂಗಡಿಯಲ್ಲೇ, ಬಿಲ್ಲು ಬರೆಸುವ ಮೊದಲು ಮಾಡಬೇಕು. ಸೀರೆ ಮಗುಚಿ, ಬೆಳಕಿಗೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡಿ. ಕೊಂಡಿ ಇದ್ದರೆ ಅಂಚಿನಲ್ಲಿ ಹಾಸೂ (ಉದ್ದದ ಎಳೆ) ಕೆಂಪು, ಹೊಕ್ಕೂ ಕೆಂಪು. ಎತ್ತ ತಿರುಗಿಸಿದರೂ ತುಂಬು ಕುಂಕುಮ. ಅಂಚು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿದರೆ ಒಡಲಿನ ಹಸಿರು ಹೊಕ್ಕೇ ಅಂಚಿನೊಳಗೂ ಹಾದಿದೆ, ಅಲ್ಲಿ ಕೊಂಡಿ ಇಲ್ಲ. ಅದೂ ಕೈಮಗ್ಗದ್ದೇ ಇರಬಹುದು, ಅದು ಮೋಸವಲ್ಲ. ಅದಕ್ಕೆ ಕೊಂಡಿ ಸೀರೆಯ ಬೆಲೆ ಕೇಳಿದರೆ ಮಾತ್ರ ಮೋಸ. ಇನ್ನು, ಗಡಿಯುದ್ದಕ್ಕೂ ಬೋಳಿಸಿದ ಗಡ್ಡದ ಹಾಗೆ ಕತ್ತರಿಸಿದ ಎಳೆತುದಿಗಳು ಸಿಕ್ಕರೆ ಅದು ಕಟ್‌ವರ್ಕ್: ಅಂಚಿನ ಬಣ್ಣದ ಎಳೆಯನ್ನು ಒಡಲಿನ ಹಿಂದೆ ತೇಲಿಸಿ, ಆಮೇಲೆ ಕತ್ತರಿಸಿ ತೆಗೆದದ್ದು. ಕೊಂಡಿಯಲ್ಲಿ ಎಳೆ ತಿರುಗಿ ಹೋಗುತ್ತದೆ, ತುಂಡಾಗುವುದಿಲ್ಲ.

ಎರಡೂ ಅಂಚು ನೋಡಿ. ದೊಡ್ಡ ಅಂಚಿಗೆ ಮಾತ್ರ ಕೊಂಡಿ ಹಾಕಿ ಸಣ್ಣ ಅಂಚನ್ನು ಹಾಗೇ ನೇಯ್ದ ಸೀರೆಗಳಿವೆ. ಮಾರುವವರು ತೋರಿಸುವುದು ದೊಡ್ಡದನ್ನೇ.

ನಿಜವಾದ ದೋಷ ಯಾವುದು? ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿಯಿರಿ. ಗಡಿಯಲ್ಲಿ ಅಲ್ಲೊಂದು ಇಲ್ಲೊಂದು ಸೂಜಿಮೊನೆಯಷ್ಟು ಬೆಳಕು ಕಂಡರೆ ಚಿಂತೆಯಿಲ್ಲ. ಸೀಳಿನ ಹಾಗೆ ಉದ್ದಕ್ಕೆ ಕಂಡರೆ ಅಲ್ಲಿ ಕೊಂಡಿ ತಪ್ಪಿದೆ. ಗೆರೆಯ ಎರಡೂ ಪಕ್ಕ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆದಾಗ ಬಾಯಿ ಬಿಟ್ಟು ಮತ್ತೆ ಮುಚ್ಚದಿದ್ದರೆ ಖಂಡಿತ ವಾಪಸು ಕೊಡಿ. ಜರಿಯ ಅಂಚು ಒಡಲಿಗಿಂತ ಭಾರ, ಉಟ್ಟಾಗ ಆ ಭಾರವೆಲ್ಲ ಜಗ್ಗುವುದು ಇದೇ ಗೆರೆಯನ್ನು. ಫಾಲ್ ಹಚ್ಚಿಸುವಾಗಲೂ ಎಚ್ಚರ: ಹತ್ತಿಯ ಫಾಲನ್ನು ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಕೈಹೊಲಿಗೆಯನ್ನೇ ಹಾಕಿಸಿ. ನೆನೆಸದ ಫಾಲ್ ಮುಂದೆ ಕುಗ್ಗಿ ಅಂಚನ್ನು ಸುಕ್ಕುಗಟ್ಟಿಸುತ್ತದೆ.

ಸೆರಗು ಸೇರುವಲ್ಲಿಯೂ ಇಂಥದ್ದೇ ಪಟ್ಟಿ ಕಾಣುತ್ತದೆ. ಕಂಚಿಯ ಪೇಟ್ನಿಯಲ್ಲಿ ಒಡಲಿನ ಹಾಸಿನೊಂದಿಗೆ ಸೆರಗಿನ ಹಾಸನ್ನು ಎಳೆಗೆಳೆ ಸೇರಿಸಿರುತ್ತಾರೆ. ಇಳಕಲ್ಲಿನ ತೋಪು ತೆನಿ ಸೆರಗಿನಲ್ಲಿ ಎರಡು ಹಾಸುಗಳೂ ಕುಣಿಕೆಯಲ್ಲಿ ಕೂಡುತ್ತವೆ. ಅದಕ್ಕೇ ಅಲ್ಲಿ ಒಂದೊಂದು ಸೀರೆಗೂ 6, 8 ಅಥವಾ 9 ಗಜದ ಹಾಸನ್ನು ಬೇರೆಬೇರೆಯಾಗಿ ಸಿದ್ಧಮಾಡುತ್ತಾರೆ. ಅದೂ ದೋಷವಲ್ಲ.

ಪ್ರಶ್ನೆ: ಸಿಲ್ಕ್ ಮಾರ್ಕ್ ಇದ್ದರೆ ಕೈಮಗ್ಗದ್ದು ಎಂದೇ ಅರ್ಥವಲ್ಲವೇ?

ಉತ್ತರ: ಅಲ್ಲ. ಅದು ಹೇಳುವುದು ಎಳೆ ಶುದ್ಧ ರೇಷ್ಮೆ ಎಂದಷ್ಟೇ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ರಾಜ್ಯ ಸರ್ಕಾರದ ರೇಷ್ಮೆ ಸಂಸ್ಥೆ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಅಪ್ಪಟ ರೇಷ್ಮೆ, ಆದರೆ ಅದನ್ನು ನೇಯುವುದು ಪವರ್‌ಲೂಮಿನಲ್ಲಿ.

ಪ್ರಶ್ನೆ: ಅಂಗಡಿಯಲ್ಲಿ ಸೆರಗಿನ ಕುಚ್ಚಿನ ಎಳೆ ಸುಟ್ಟು ತೋರಿಸಿದರು. ಕೂದಲು ಸುಟ್ಟ ವಾಸನೆ ಬಂತು. ಅಷ್ಟು ಸಾಕೇ?

ಉತ್ತರ: ಸಾಲದು. ಕುಚ್ಚಿನಲ್ಲಿ ಇರುವುದು ಹಾಸಿನ ಎಳೆ ಮಾತ್ರ, ಹೊಕ್ಕು ಪಾಲಿಯೆಸ್ಟರ್ ಇದ್ದರೂ ಗೊತ್ತಾಗುವುದಿಲ್ಲ. ಕತ್ತರಿಸಿದ ತುದಿಯಿಂದ ಒಡಲಿನ ಹಾಸು, ಹೊಕ್ಕು, ಅಂಚಿನ ಹಾಸು, ಹೊಕ್ಕು ಎಂದು ನಾಲ್ಕು ಎಳೆ ಬಿಡಿಸಿ, ಒಂದೊಂದನ್ನೇ ಸುಡಬೇಕು. ರೇಷ್ಮೆಯ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಪ್ರಶ್ನೆ: ಉಂಗುರದೊಳಗೆ ತೂರಿದರೆ ಅಸಲಿ ರೇಷ್ಮೆಯೇ?

ಉತ್ತರ: ತೆಳುವಾದ ಪಾಲಿಯೆಸ್ಟರ್ ಸೀರೆಯೂ ತೂರುತ್ತದೆ, ತುಂಬು ಜರಿಯ ಕಂಚಿ ಸೀರೆ ತೂರುವುದಿಲ್ಲ.

ಪ್ರಶ್ನೆ: ಕಪ್ಪಾದ ಜರಿಯನ್ನು ಹುಣಸೆಹಣ್ಣು ಅಥವಾ ಟೂತ್‌ಪೇಸ್ಟ್ ಹಚ್ಚಿ ಹೊಳೆಯಿಸಬಹುದು ಎನ್ನುತ್ತಾರೆ.

ಉತ್ತರ: ಹಾಗೆ ಹೇಳುವವರು ಹಿತ್ತಾಳೆ ಚೊಂಬು ಬೆಳಗುವುದು ಒಳ್ಳೆಯದು. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ ತಂತಿ, ಅದರ ಮೇಲೆ ತೀರಾ ತೆಳುವಾದ ಚಿನ್ನದ ಲೇಪ. ಉಜ್ಜಿದರೆ ಮೊದಲು ಹೋಗುವುದೇ ಚಿನ್ನ. ಕಪ್ಪಾಗದಂತೆ ನೋಡಿಕೊಳ್ಳುವುದೇ ದಾರಿ: ಉಟ್ಟ ಮೇಲೆ ಸೆಂಟು ಹಾಕಬೇಡಿ, ಬೆವರು ಆರುವವರೆಗೆ ನೆರಳಲ್ಲಿ ಹರವಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರು ಬೇಡ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ.

ಪ್ರಶ್ನೆ: ಉಪ್ಪುನೀರಲ್ಲಿ ನೆನೆಸಿದರೆ ಅಂಚಿನ ಬಣ್ಣ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. ಕೆಂಪು ಅಂಚಿನ ಬಣ್ಣ ತಿಳಿ ಒಡಲಿಗೆ ಹತ್ತಿದರೆ ಮತ್ತೆ ಬಿಡಿಸುವುದು ಆಗದ ಮಾತು. ಡ್ರೈಕ್ಲೀನಿಗೆ ಕೊಡಿ.